ಓದುಗರ ಪ್ರಶ್ನೆ: 377ನೇ ಕಲಂ ಮತ್ತು ಲೋಕಸಭೆ

ಪ್ರಶ್ನೆ: ಸಲಿಂಗ ಸಂಬಂಧ ಅಪರಾಧವಲ್ಲ ಎನ್ನುವ ಮಸೂದೆ ಲೋಕಸಭೆಯಲ್ಲಿ ಏಕೆ ಬಿದ್ದುಹೋಯಿತು?

ಉತ್ತರ: ಅದು ಚರ್ಚೆಯ ಹಂತಕ್ಕೇ ಬರಲಿಲ್ಲ. ಖಾಸಗಿ ಸದಸ್ಯರ (ಸಚಿವರಲ್ಲದ ಸಂಸದರ) ಮಸೂದೆಯನ್ನು ಮಂಡಿಸಲೂ ಸದನದ ಅನುಮತಿ ಬೇಕು. ಸಾಮಾನ್ಯವಾಗಿ ಯಾರೂ ಅಡ್ಡಿ ಮಾಡುವುದಿಲ್ಲ. ಆದರೆ 2015ರ ಡಿಸೆಂಬರ್ 18ರಂದು ಕಾಂಗ್ರೆಸ್ ಸಂಸದ ಶಶಿ ತರೂರ್, ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ಭಾರತೀಯ ದಂಡ ಸಂಹಿತೆಯ 377ನೇ ಕಲಮಿಗೆ ತಿದ್ದುಪಡಿ ತಂದಾಗ ಅನುಮತಿಯನ್ನೇ ಮತಕ್ಕೆ ಹಾಕಲಾಯಿತು: ಪರ 24, ವಿರುದ್ಧ 71. ಹಾಜರಿದ್ದು ಮತ ಹಾಕಿದವರ ಬಹುಮತವಷ್ಟೇ ಲೆಕ್ಕ. ಇಂಥ ಮಸೂದೆಗಳು ಬರುವ ಶುಕ್ರವಾರ ಮಧ್ಯಾಹ್ನ ಬೆಂಬಲಿಗರು ಊರಿಗೆ ಹೊರಟುಬಿಟ್ಟರೆ ಮಸೂದೆ ಉಳಿಯದು. 2016ರ ಮಾರ್ಚ್‌ನಲ್ಲೂ ಅದೇ ಗತಿ, 14ಕ್ಕೆ 58. ಮಾತನ್ನೇ ಆಡಗೊಡದ್ದು ದೊಡ್ಡ ಅನ್ಯಾಯ.

ಕೊನೆಗೆ 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ವಯಸ್ಕರ ಸಮ್ಮತಿಯ ಸಂಬಂಧವನ್ನು ಅಪರಾಧಮುಕ್ತಗೊಳಿಸಿತು. 2024ರ ಜುಲೈ 1ರಿಂದ ದಂಡ ಸಂಹಿತೆಯ ಬದಲಿಗೆ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಮೇ ಇಲ್ಲ. ಅದೇ ಕಲಮಿನಡಿ ಬರುತ್ತಿದ್ದ ಪುರುಷರ ಮೇಲಿನ ಅತ್ಯಾಚಾರಕ್ಕೆ ಬದಲಿ ಕಲಮನ್ನೂ ಸೇರಿಸಿಲ್ಲ.