ಗಾಳಿ ತಾಗಿದರೆ ಪುಡಿಯ ಬೆಳಕು ಯಾಕೆ ಕುಗ್ಗುತ್ತದೆ?

ಪ್ರಶ್ನೆ: ನಾನು ಬಳ್ಳಾರಿಯಲ್ಲಿ ಭೌತಶಾಸ್ತ್ರ ಎಂ.ಎಸ್ಸಿ. ಓದುತ್ತಿದ್ದೇನೆ. ನಿರ್ವಾತದಲ್ಲಿಟ್ಟ ಜಿಂಕ್ ಆಕ್ಸೈಡ್ ಪುಡಿಗೆ 325 ನ್ಯಾನೊಮೀಟರ್ ಲೇಸರ್ ಬಿಟ್ಟರೆ 380ರ ಹತ್ತಿರ ಚೆನ್ನಾಗಿ ಬೆಳಕು ಬರುತ್ತದೆ. ಗಾಳಿ ಒಳಗೆ ಬಿಟ್ಟರೆ ಕುಗ್ಗುತ್ತದೆ. ಪುಡಿ ಕೆಟ್ಟಿತಾ? ನಮ್ಮಣ್ಣ ತೋರಣಗಲ್ಲಿನಲ್ಲಿ ಊದುಕುಲುಮೆ (ಕಬ್ಬಿಣ ಕರಗಿಸುವ ಬ್ಲಾಸ್ಟ್ ಫರ್ನೇಸ್) ಹತ್ತಿರ ಕೆಲಸ ಮಾಡುತ್ತಾನೆ. ಅಲ್ಲಿನ ಕಾರ್ಬನ್ ಮೊನಾಕ್ಸೈಡ್ ಪತ್ತೆಗೆ ಇದು ಆಗುತ್ತದಾ?

ಉತ್ತರ: ಪುಡಿ ಕೆಟ್ಟಿಲ್ಲ, ಅದು ಆಮ್ಲಜನಕವನ್ನು ಹಿಡಿದುಕೊಂಡಿದೆ ಅಷ್ಟೆ.

ಲೇಸರ್ ಬಿದ್ದಾಗ ಕಣದೊಳಗೆ ಎಲೆಕ್ಟ್ರಾನ್, ರಂಧ್ರಗಳ (ಎಲೆಕ್ಟ್ರಾನ್ ಬಿಟ್ಟುಹೋದ, ಧನ ಆವೇಶದಂತೆ ವರ್ತಿಸುವ ಖಾಲಿ ಜಾಗ) ಜೋಡಿ ಹುಟ್ಟುತ್ತದೆ. ಅವು ಮತ್ತೆ ಕೂಡಿದರೆ ನೀವು ನೋಡುವ ಬೆಳಕು. ಆದರೆ ಮೇಲ್ಮೈಗೆ ಅಂಟಿದ ಆಮ್ಲಜನಕದ ಅಣು ಒಂದು ಎಲೆಕ್ಟ್ರಾನ್ ಕಿತ್ತುಕೊಂಡು ಋಣ ಆವೇಶದೊಂದಿಗೆ ಅಲ್ಲೇ ಕೂರುತ್ತದೆ. ಈ ಆವೇಶ ರಂಧ್ರವನ್ನು ಹೊರಕ್ಕೆ ಎಳೆಯುತ್ತದೆ, ಎಲೆಕ್ಟ್ರಾನನ್ನು ಒಳಕ್ಕೆ ತಳ್ಳುತ್ತದೆ. ಬೇರೆಯಾದ ಜೋಡಿ ಬೆಳಕು ಕೊಡುವುದು ಕಷ್ಟ. ಹೀಗೆ ಪ್ರತಿ ಕಣದ ಸುತ್ತ ಬೆಳಗದ ಒಂದು ಪದರ ಏಳುತ್ತದೆ. ನುಣ್ಣನೆ ಪುಡಿಯಲ್ಲಿ ಮೇಲ್ಮೈಯೇ ಜಾಸ್ತಿ ಅಲ್ವಾ, ಅದಕ್ಕೇ ವ್ಯತ್ಯಾಸ ಎದ್ದು ಕಾಣುತ್ತದೆ.

ಅನುಮಾನವಿದ್ದರೆ ಗಾಳಿಯ ಬದಲು ಒಣ ನೈಟ್ರೋಜನ್ ಬಿಟ್ಟು ನೋಡಿ. ಬೆಳಕು ಹೆಚ್ಚು ಕಡಿಮೆ ಹಾಗೇ ಉಳಿದರೆ ಆಮ್ಲಜನಕದ್ದೇ ಕೆಲಸ ಇರುವ ಸಾಧ್ಯತೆ ಹೆಚ್ಚು. ಆಮೇಲೆ ಪಂಪ್ ಹಾಕಿ ಪುನಃ ನಿರ್ವಾತ ಮಾಡಿ. ಲೇಸರ್ ಹೊಡೆಯುತ್ತಿದ್ದರೆ ಮೇಲ್ಮೈಗೆ ಬಂದ ರಂಧ್ರಗಳು ಆ ಆವೇಶವನ್ನು ಕಳೆಯುತ್ತವೆ, ಆಮ್ಲಜನಕ ಬಿಟ್ಟು ಹೋಗುತ್ತದೆ, ಬೆಳಕು ನಿಧಾನವಾಗಿ ಏರುತ್ತದೆ. ಅದು ಒಂದು ಮಟ್ಟಕ್ಕೆ ನಿಲ್ಲುವ ಮುಂಚೆ ಅಳತೆ ಶುರು ಮಾಡಬೇಡಿ. ಇಲ್ಲಿ ಅವಸರ ಮಾಡಿದರೆ ಇಡೀ ಪ್ರಯೋಗ ದಾರಿ ತಪ್ಪುತ್ತದೆ. ಲೇಸರ್ ಶಕ್ತಿಯನ್ನೂ ಕಡಿಮೆ ಇಡಿ. ನಿರ್ವಾತದಲ್ಲಿ ಸಡಿಲ ಪುಡಿ ಬೇಗ ಕಾಯುತ್ತದೆ, ಕಾದರೂ ಬೆಳಕು ಇಳಿಯುತ್ತದೆ.

ಹಸಿರು ಬೆಳಕೂ ಕಂಡರೆ ಗಾಬರಿ ಬೇಡ. ಅದು ಹರಳಿನ ದೋಷಗಳಿಂದ ಬರುವಂಥದ್ದು, ಪುಡಿ ತಯಾರಿಸಿದ ರೀತಿಯ ಮೇಲೆ ಅದರ ವರ್ತನೆ ಬದಲಾಗುತ್ತದೆ.

ಇನ್ನು ಸಂವೇದಕದ ಮಾತು. ಬೆಳಕಿನ ಏರಿಳಿತ ನೋಡಿ ಅನಿಲ ಪತ್ತೆ ಮಾಡುವ ಈ ವಿಧಾನದ ದೊಡ್ಡ ಲಾಭವೆಂದರೆ ಪುಡಿಗೆ ತಂತಿ ಬೇಡ, ಹೀಟರ್ ಬೇಡ. ವಿದ್ಯುತ್ ರೋಧ ಅಳೆಯುವ ಮಾಮೂಲಿ ಆಕ್ಸೈಡ್ ಸಂವೇದಕವನ್ನು ಸಾಮಾನ್ಯವಾಗಿ 200ರಿಂದ 400 ಡಿಗ್ರಿಗೆ ಕಾಯಿಸಬೇಕು. ನೈಟ್ರೋಜನ್ ಡೈಆಕ್ಸೈಡ್‌ನಂಥ ಎಲೆಕ್ಟ್ರಾನ್ ಕಸಿಯುವ ಅನಿಲಕ್ಕೆ ನಿಮ್ಮ ಪುಡಿ ಕೋಣೆಯ ತಾಪದಲ್ಲೂ ಸ್ಪಂದಿಸಬಹುದು. ಕಾರ್ಬನ್ ಮೊನಾಕ್ಸೈಡ್ ಮಾತ್ರ ಕೋಣೆಯ ತಾಪದಲ್ಲಿ ಜಿಂಕ್ ಆಕ್ಸೈಡ್ ಜೊತೆ ಹೆಚ್ಚು ವರ್ತಿಸುವುದಿಲ್ಲ. ಮಳೆಗಾಲದ ತೇವವೂ ಬೆಳಕನ್ನು ಏರಿಳಿಸುತ್ತದೆ. ಹಾಗಾಗಿ ಅಣ್ಣನ ಕೆಲಸಕ್ಕೆ ಇದನ್ನು ನಂಬುವಂತಿಲ್ಲ. ಊದುಕುಲುಮೆಯ ಅನಿಲದಲ್ಲಿ ಸುಮಾರು ಐದನೇ ಒಂದು ಪಾಲು ಕಾರ್ಬನ್ ಮೊನಾಕ್ಸೈಡೇ ಇರುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅಣ್ಣನಿಗೆ ಅಂಗಿಗೆ ಸಿಕ್ಕಿಸಿಕೊಳ್ಳುವ ಎಲೆಕ್ಟ್ರೋಕೆಮಿಕಲ್ ಅಲಾರಂ ತಪ್ಪದೆ ಹಾಕಿಕೊಳ್ಳಲು ಹೇಳಿ. ನಿಮ್ಮ ಪ್ರಾಜೆಕ್ಟಿಗೆ ನೈಟ್ರೋಜನ್ ಡೈಆಕ್ಸೈಡ್ ಆರಿಸಿಕೊಳ್ಳಿ, ಆದರೆ ಅದೂ ವಿಷ. ಫ್ಯೂಮ್ ಹುಡ್ (ವಿಷ ಅನಿಲವನ್ನು ಹೊರಕ್ಕೆ ಎಳೆಯುವ ಪ್ರಯೋಗಾಲಯದ ಗೂಡು) ಒಳಗೆ, ಮಾರ್ಗದರ್ಶಕರು ಎದುರಿಗಿದ್ದಾಗಲೇ ಮಾಡಿ.