2014ಕ್ಕಿಂತ ಮುಂಚೆ ಬೆಂಗಳೂರಿನ ಸಂಶೋಧನಾ ಪೇಪರ್‌ಗಳೇ ಸಿಗುತ್ತಿಲ್ಲವೇ?

ಸಂಶೋಧನಾ ಪೇಪರ್‌ಗಳ ಮಾಹಿತಿಕೋಶವಾದ ವೆಬ್ ಆಫ್ ಸೈನ್ಸ್‌ನಲ್ಲಿ 2014ರ ನಂತರವಷ್ಟೇ ನಗರದ ಪೇಪರ್‌ಗಳು ದಿಢೀರ್ ಏರಿದಂತೆ ಕಾಣುತ್ತಿದ್ದರೆ, ಅದು ಬಹುಶಃ ಹೆಸರಿನ ಕಾಗುಣಿತದ ಆಟ. ಆ ವರ್ಷ ನವೆಂಬರ್ 1ಕ್ಕೆ ಇಂಗ್ಲಿಷಿನಲ್ಲೂ ‘ಬೆಂಗಳೂರು’ ಅಧಿಕೃತವಾಯಿತು. ಹಳೆಯ ಪೇಪರ್‌ಗಳ ಲೇಖಕರ ವಿಳಾಸಗಳಲ್ಲಿ ‘ಬ್ಯಾಂಗಲೋರ್’ ಹಾಗೇ ಕೂತಿದೆ, ಈಗಲೂ ಎಷ್ಟೋ ಜನ ಅದನ್ನೇ ಬರೆಯುತ್ತಾರೆ.

ಸಿಟಿ ಫೀಲ್ಡ್‌ನಲ್ಲಿ ಎರಡನ್ನೂ ನಡುವೆ ‘ಆರ್’ (OR, ಅಂದರೆ ‘ಅಥವಾ’) ಹಾಕಿ ಒಂದೇ ಸಲ ಹುಡುಕಿ. ಬೇರೆ ಬೇರೆ ಹುಡುಕಿ ಕೂಡಿಸಬೇಡಿ, ಎರಡೂ ಹೆಸರಿರುವ ಪೇಪರ್ ಎರಡು ಸಲ ಲೆಕ್ಕವಾಗುತ್ತದೆ.

ಸಂಸ್ಥೆವಾರು ಹೋಗುವುದಾದರೆ ಬೆಂಗಳೂರಿನ ಜೀವವಿಜ್ಞಾನ ಸಂಸ್ಥೆ ಎನ್‌ಸಿಬಿಎಸ್ ವಿಷಯದಲ್ಲಿ ಹುಷಾರು: ಅದು ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿಐಎಫ್‌ಆರ್) ಕೇಂದ್ರ, ಟಿಐಎಫ್‌ಆರ್ ಹೆಸರಲ್ಲಿ ಹುಡುಕಿದರೆ ಮುಂಬೈನವೂ ಬಂದು ಬೀಳುತ್ತವೆ. ಸಂಸ್ಥೆಯ ಜೊತೆ ಊರನ್ನೂ ಸೇರಿಸಿ.

ಊರೂರಿನ ಹೋಲಿಕೆಗೆ ಪಾಲು ಎಣಿಕೆಯೇ ಸರಿ, ಅಂದರೆ ಒಂದು ಪೇಪರನ್ನು ಅದರ ವಿಳಾಸಗಳಿಗೆ ಹಂಚಿ ಎಣಿಸುವುದು: ನಾಲ್ಕು ವಿಳಾಸಗಳಲ್ಲಿ ಒಂದು ನಮ್ಮದಾದರೆ 0.25.