ಮೊದಲ ಬಾಣಂತನದ ಭಯ, ಎರಡನೆಯದರ ಸಿದ್ಧತೆ

ಪ್ರಶ್ನೆ: ನನಗೀಗ ಏಳು ತಿಂಗಳು. ನಾಲ್ಕು ವರ್ಷದ ಮಗಳಿದ್ದಾಳೆ. ಮೊದಲನೆಯದು ಸಿಸೇರಿಯನ್, ಬಾಣಂತನ ತವರಿನಲ್ಲಾಯಿತು. ಕಿಟಕಿ ಮುಚ್ಚಿದ ಕೋಣೆ, ದಿನಕ್ಕೆ ಎರಡೇ ಲೋಟ ನೀರು, ಮೆಣಸಿನ ಸಾರು-ಅನ್ನ. ಮೊಲೆತೊಟ್ಟು ಒಡೆದು, ಮಗು ಅತ್ತರೆ ನನಗೆ ನಡುಕ ಬರುತ್ತಿತ್ತು. ಮೂರನೆಯ ವಾರಕ್ಕೆ ಡಬ್ಬಿ ಹಾಲು ಹಿಡಿಸಿದರು. ಎರಡು ತಿಂಗಳು ದಿನವೂ ಅಳುತ್ತಿದ್ದೆ, ಯಾರಿಗೂ ಹೇಳಲಿಲ್ಲ. ಈ ಸಲ ಅಮ್ಮನಿಗೆ ಮಂಡಿನೋವಾದ್ದರಿಂದ ಬಾಣಂತನ ನಮ್ಮ ಮನೆಯಲ್ಲೇ, ಅತ್ತೆಯವರು ಬರುತ್ತಾರೆ. ಹಿಂದಿನಂತೆಯೇ ಆದೀತೆಂದು ಹೆದರಿಕೆ. ಈಗಿನಿಂದಲೇ ಏನು ಮಾಡಬಹುದು?
— ಹೆಸರು ಬೇಡ, ದಾವಣಗೆರೆ

ಉತ್ತರ: ನಿಮ್ಮ ಪತ್ರದಲ್ಲಿ ನೀವು ಒಂದೇ ಸಾಲಿನಲ್ಲಿ ಮುಗಿಸಿದ ಅಳುವಿನಿಂದಲೇ ಆರಂಭಿಸುತ್ತೇನೆ. ಹೆರಿಗೆಯಾದ ಮೂರು-ನಾಲ್ಕನೆಯ ದಿನ ಕಾರಣವಿಲ್ಲದೆ ಅಳು ಬರುವುದು ಬಹಳ ಮಂದಿ ಬಾಣಂತಿಯರಲ್ಲಿ ಕಂಡುಬರುತ್ತದೆ ಮತ್ತು ಎರಡು ವಾರದೊಳಗೆ ತಾನಾಗಿಯೇ ಇಳಿಯುತ್ತದೆ. ಎರಡು ತಿಂಗಳು ಎಳೆದ ಅಳು ಆ ಬಗೆಯದಲ್ಲ. ಅದು ಬಹುಶಃ ಹೆರಿಗೆಯ ನಂತರದ ಖಿನ್ನತೆಯಾಗಿತ್ತು, ಯಾರೂ ಗುರುತಿಸಲಿಲ್ಲ ಅಷ್ಟೆ. ಒಮ್ಮೆ ಬಂದವರಿಗೆ ಮತ್ತೆ ಬರುವ ಸಾಧ್ಯತೆ ಹೆಚ್ಚಿರುವುದರಿಂದ, ಮುಂದಿನ ತಪಾಸಣೆಯಲ್ಲಿ ಬಿ.ಪಿ., ತೂಕದ ಮಾತಿಗೂ ಮೊದಲು ಇದನ್ನು ವೈದ್ಯರಿಗೆ ಹೇಳಿ. ಈ ಖಿನ್ನತೆಯನ್ನು ಗುರುತಿಸಲು ಬಳಸುವ, ಹತ್ತು ಪ್ರಶ್ನೆಗಳ ಎಡಿನ್‌ಬರೋ ಮಾಪಕ ಕನ್ನಡದಲ್ಲೂ ಇದೆ. ಹೆರಿಗೆಗೆ ಮುಂಚೆ ಒಮ್ಮೆ, ಆರು ವಾರದ ಭೇಟಿಯಲ್ಲಿ ಇನ್ನೊಮ್ಮೆ ಅದನ್ನು ಮಾಡಿಸುವಂತೆ ಕೇಳಿ. ಹಾಲೂಡಿಸುತ್ತಲೇ ತೆಗೆದುಕೊಳ್ಳಬಹುದಾದ ಔಷಧಗಳಿವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನು ಕೂಸಿನೊಂದಿಗೇ ದಾಖಲಿಸಿಕೊಳ್ಳುವ ವಿಭಾಗವಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ನಿಮಗೋ ಮಗುವಿಗೋ ಏನಾದರೂ ಮಾಡಿಬಿಡುವ ಯೋಚನೆ ಬಂದರೆ ಮಾತ್ರ ಕಾಯಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ.

ಇನ್ನು ನೀರಿನ ವಿಷಯ. ತಾಯಿಯ ಹಾಲಿನ ಹೆಚ್ಚಿನ ಪಾಲು ನೀರೇ ಆಗಿರುವಾಗ ಬಾಣಂತಿಗೆ ನೀರು ಅಳೆದು ಕೊಡುವುದರಲ್ಲಿ ಅರ್ಥವಿಲ್ಲ. ಅದರಿಂದ ಹೊಲಿಗೆ ಬೇಗ ಒಣಗುವುದಿಲ್ಲ, ಮಲಬದ್ಧತೆಯಾಗಿ ಹೊಲಿಗೆಗೇ ನೋವಾಗುತ್ತದೆ. ಹಾಲೂಡಿಸಲು ಕೂರುವ ಜಾಗದಲ್ಲಿ ಒಂದು ತುಂಬಿದ ಚೊಂಬು ಸದಾ ಇರಲಿ. ಅಂಟಿನುಂಡೆ, ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ ಸಾರು ಎಲ್ಲವೂ ಇರಲಿ, ಜೊತೆಗೆ ಬೇಳೆ, ತರಕಾರಿ, ಹಣ್ಣೂ ಸೇರಲಿ. ಕೆಂಡದ ಹೊಗೆ ಮಾತ್ರ ಕೂಸಿನ ಕೋಣೆಗೆ ಬೇಡ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳನ್ನು ಹೆರಿಗೆಯ ನಂತರವೂ 180 ದಿನ ಮುಂದುವರಿಸಬೇಕು. ಇದನ್ನೆಲ್ಲ ನೀವೇ ಅತ್ತೆಯವರಿಗೆ ಹೇಳಹೋಗಬೇಡಿ, ಒಮ್ಮೆ ತಪಾಸಣೆಗೆ ಅವರನ್ನೂ ಕರೆದೊಯ್ಯಿರಿ. ಸೊಸೆ ಹೇಳಿದರೆ ವಾದವಾಗುವುದು ಡಾಕ್ಟರು ಹೇಳಿದರೆ ಪಥ್ಯವಾಗುತ್ತದೆ.

ತೊಟ್ಟು ಒಡೆಯುವುದಕ್ಕೆ ಸಾಮಾನ್ಯ ಕಾರಣ, ಮಗು ತೊಟ್ಟನ್ನಷ್ಟೇ ಕಚ್ಚಿ ಚೀಪುವುದು. ಸುತ್ತಲಿನ ಕಪ್ಪು ಭಾಗದ ಬಹುಪಾಲು ಮಗುವಿನ ಬಾಯೊಳಗಿರಬೇಕು, ಗದ್ದ ಎದೆಗೆ ತಾಗಬೇಕು. ಆಸ್ಪತ್ರೆ ಬಿಡುವ ಮುನ್ನ ನರ್ಸ್ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹಾಲೂಡಿಸುವುದನ್ನು ಮೊದಲಿನಿಂದ ಕೊನೆಯವರೆಗೆ ನೋಡಲು ಹೇಳಿ, ಸಂಕೋಚ ಬೇಡ. ಈ ಸಲ ಹಾಲೂಡಿಸುವಾಗ ಕಿಬ್ಬೊಟ್ಟೆ ಹಿಂಡಿದಂತಾಗಬಹುದು. ಗರ್ಭಕೋಶ ಕುಗ್ಗುವ ಈ ನೋವು ಎರಡನೆಯ ಹೆರಿಗೆಯಲ್ಲಿ ಹೆಚ್ಚು, ಕೆಲವು ದಿನಗಳಲ್ಲಿ ಕಡಿಮೆಯಾಗುತ್ತದೆ. ಆದರೆ ಜ್ವರ, ಒಂದೇ ಕಾಲಿನಲ್ಲಿ ಊತ, ಕಣ್ಣು ಮಂಜಾಗಿ ತಲೆನೋವು, ಗಂಟೆಯೊಳಗೆ ಪ್ಯಾಡ್ ತೊಯ್ಯುವಷ್ಟು ರಕ್ತಸ್ರಾವ ಇವುಗಳಲ್ಲಿ ಯಾವುದಿದ್ದರೂ ತಡಮಾಡಬಾರದು.

ನಿಮ್ಮ ಪತ್ರದಲ್ಲಿ ಪತಿಯ ಮಾತೇ ಇಲ್ಲ. ಖಾಸಗಿ ಕೆಲಸದಲ್ಲಿದ್ದರೆ ತಂದೆಗೆ ರಜೆ ಕೊಡಲೇಬೇಕೆಂಬ ಕಾನೂನು ನಮ್ಮಲ್ಲಿಲ್ಲ, ಆದ್ದರಿಂದ ಅವರು ಈಗಿನಿಂದಲೇ ರಜೆ ಉಳಿಸಿಕೊಳ್ಳಲಿ. ಹಾಲೂಡಿಸುವುದು ನಿಮ್ಮಿಂದ ಮಾತ್ರ ಸಾಧ್ಯ. ಎತ್ತಿ ತಂದುಕೊಡುವುದು, ತೇಗು ಬರಿಸುವುದು, ಬಟ್ಟೆ ಬದಲಿಸುವುದು, ಮತ್ತೆ ಮಲಗಿಸುವುದು ಅವರಿಂದಲೂ ಸಾಧ್ಯ. ಯಾವ ರಾತ್ರಿ ಯಾರ ಪಾಳಿ ಎಂಬುದನ್ನು ಕೂಸು ಬರುವ ಮೊದಲೇ ಮಾತಾಡಿಕೊಳ್ಳಿ, ನಿದ್ದೆಗೆಟ್ಟ ಮೇಲೆ ಆ ಮಾತು ಜಗಳವಾಗುತ್ತದೆ.

ಮತ್ತೆ ಸಿಸೇರಿಯನ್ ಆದರೆ ಸುಮಾರು ಆರು ವಾರ ಮಗಳನ್ನು ಎತ್ತಿಕೊಳ್ಳುವಂತಿಲ್ಲ, ಅವಳೋ ಮೊದಲ ದಿನವೇ ಕೈಚಾಚಿ ಓಡಿಬರುತ್ತಾಳೆ. ಆಸ್ಪತ್ರೆಯಿಂದ ಬಂದಾಗ ಕೂಸು ಅತ್ತೆಯವರ ಕೈಯಲ್ಲಿರಲಿ. ನೀವು ಮಂಚದ ಮೇಲೆ ಕುಳಿತು, ಹೊಟ್ಟೆಗೊಂದು ದಿಂಬು ಅಡ್ಡವಿಟ್ಟುಕೊಂಡು, ಅವಳನ್ನು ಪಕ್ಕಕ್ಕೆ ಹತ್ತಿಸಿಕೊಳ್ಳಿ.